ಮಂಗಳವಾರದ ಮೇಜು

ಡುಲುತ್ ಊರಿನ ಕಾಲೇಜು, ನೆಲಮಾಳಿಗೆ, ಸಂಜೆ ಐದೂವರೆ.
ಹೊರಗೆ ಸರೋವರ ಹೆಪ್ಪುಗಟ್ಟಿದೆ. ಒಳಗೆ ಹೀಟರು
ಮುದುಕನ ಹಾಗೆ ಕೆಮ್ಮುತ್ತದೆ. ನಾನೂ.
ಮೂವತ್ತು ವರ್ಷ ಅದಿರು ಹಡಗಿನ ಎಂಜಿನ್ ಕೋಣೆಯಲ್ಲಿದ್ದವನು,
ಆರ್ವೊ ಲೆಹ್ತಿನೆನ್, ಈಗ ಬಿಟ್ಟಿ ಕಾಫಿಗೆ
ಕ್ಯಾಲ್ಕುಲಸ್ ಹೇಳಿಕೊಡುತ್ತೇನೆ.

ಬಂದವರೆಲ್ಲ ಹೇಳುವುದು ಒಂದೇ: ತಲೆಗೆ ಹತ್ತುವುದಿಲ್ಲ.
ನೋಡಿದರೆ ಕ್ಯಾಲ್ಕುಲಸ್ಸು ಪಾಪ, ಒಳಗೆಲ್ಲೋ ಕಾಯುತ್ತಿರುತ್ತದೆ;
ಇವರು ಎಡವಿದ್ದು ಏಳನೇ ಕ್ಲಾಸಿನ
ಭಿನ್ನರಾಶಿಯ ಹೊಸ್ತಿಲಿಗೆ.

ಕೋಲ್ಬಿ, ಹಾಕಿ ಆಡುವ ಹುಡುಗ, ಮುಂದಿನ ಹಲ್ಲೊಂದಿಲ್ಲ.
ಆವರಣದಲ್ಲಿ ಎಕ್ಸ್ ಪ್ಲಸ್ ಮೂರು, ಅದರ ವರ್ಗ:
ಎಕ್ಸ್ ವರ್ಗ ಪ್ಲಸ್ ಒಂಬತ್ತು ಎಂದು ಬರೆದು
ಗೋಲು ಹೊಡೆದವನಂತೆ ತಲೆಯೆತ್ತುತ್ತಾನೆ.
ಚೌಕ ಗೀಚಿ ತೋರಿಸುತ್ತೇನೆ:
ಈ ಮೂಲೆ ಬಂತು, ಆ ಮೂಲೆ ಬಂತು,
ನಡುವಿನ ಎರಡು ಪಟ್ಟಿ ಯಾರಿಗೆ ಕೊಟ್ಟೆ?
"ಓ" ಎನ್ನುತ್ತಾನೆ. ಮುಂದಿನ ವಾರ ಮತ್ತೆ ಕೊಟ್ಟುಬಿಡುತ್ತಾನೆ.

ಹೋದನ್‌ಗೆ ಎಲ್ಲ ಬರುತ್ತದೆ, ಮೈನಸ್ಸೊಂದು ಬಿಟ್ಟು.
ಆವರಣ ಬಿಚ್ಚಿದರೆ ಅದು ಮೊದಲನೆಯದಕ್ಕಷ್ಟೇ ತಾಗುತ್ತದೆ,
ಹಡಗಿನಲ್ಲಿ ಮೊದಲ ಪಾಳಿಗೇ ಮುಗಿದುಹೋಗುವ ಸೂಪಿನ ಹಾಗೆ.
ಬಯ್ಯುವುದಿಲ್ಲ. ನಾನೂ ಒಮ್ಮೆ ಒಂದು ವಾಲ್ವನ್ನು
ಉಲ್ಟಾ ತಿರುಗಿಸಿದ್ದೆ. ಆ ಕತೆ ಬೇಡ.
"ಎಕ್ಸು ಎರಡನ್ನು ಮುಟ್ಟಲೇ ಇಲ್ಲ, ಮತ್ತೆ ಉತ್ತರ ಹೇಗೆ ಬಂತು?"
ಕಾಲುವೆಯ ಸೇತುವೆ ಹಡಗಿಗಾಗಿ ಮೇಲೆದ್ದಾಗ ನೋಡಿದ್ದೀಯಲ್ಲ,
ರಸ್ತೆಯ ನಡುವೆ ಬರೀ ಗಾಳಿ.
ಆದರೂ ಆಚೆ ಈಚೆ ನಿಂತ ಕಾರುಗಳಿಗೆ ಗೊತ್ತು
ಎಲ್ಲಿ ಸೇರಬೇಕಿತ್ತು ಅಂತ.

ಕೊನೆಗೆ ಬರುವವಳು ರೆನೇಟಾ ಡುಫೋ.
ನರ್ಸಿಂಗ್ ಹೋಮಿನ ಸಮವಸ್ತ್ರ, ಐವತ್ತರ ಹತ್ತಿರ.
"ಈ ಪ್ಲಸ್ ಸಿ ಎಲ್ಲಿಂದ ಬಂತು? ನಾನು ಇಟ್ಟಿರಲಿಲ್ಲ."
ಅವಕಲನದಲ್ಲಿ ಸ್ಥಿರಾಂಕ ಅಳಿದುಹೋಗುತ್ತದೆ, ಎಂದೆ.
ಐದಿದ್ದರೂ ಸೊನ್ನೆ, ಐನೂರಿದ್ದರೂ ಸೊನ್ನೆ.
ಅನುಕಲನ ಮಾಡಿ ಹಿಂದಕ್ಕೆ ಬಂದರೆ
ಏನೋ ಇದ್ದಿರಬೇಕು, ಎಷ್ಟೆಂದು ತಿಳಿಯದು.
ಅದಕ್ಕೊಂದು ಅಕ್ಷರದಷ್ಟು ಜಾಗ.

ಅವಳು ಪೆನ್ಸಿಲು ಕೆಳಗಿಟ್ಟಳು.
"ನನ್ನಜ್ಜಿಯನ್ನು ಬೋರ್ಡಿಂಗ್ ಶಾಲೆಗೆ ಒಯ್ದಾಗ ಆರು ವರ್ಷ.
ವಾಪಸು ಬಂದಾಗ ಓಜಿಬ್ವೆ ಒಂದು ಮಾತೂ ಇರಲಿಲ್ಲ.
ಅಮ್ಮನಿಗೆ ಕೊಟ್ಟದ್ದು ಬರೀ ಇಂಗ್ಲಿಷು."
ಹೀಟರು ಕೆಮ್ಮಿತು. ನಾನು ಸುಮ್ಮನಿದ್ದೆ.
ಗಣಿತಕ್ಕೆ ಇಷ್ಟು ಭಾರ ಹೊರಿಸಬಾರದು ಅನ್ನಿಸಿತು; ಅನ್ನಲಿಲ್ಲ.

"ಆದರೆ ಒಂದು ಬಿಂದು ಗೊತ್ತಿದ್ದರೆ ಸಿ ಸಿಗುತ್ತದೆ ಅಂದಿರಲ್ಲ?"
ಸಿಗುತ್ತದೆ. ಒಂದೇ ಸಾಕು.
"ನಿದ್ದೆಯಲ್ಲಿ ಅಜ್ಜಿ ಒಂದು ಪದ ಹೇಳುತ್ತಿದ್ದಳು."
ಮೆಲ್ಲಗೆ ಉಚ್ಚರಿಸಿದಳು. ಅರ್ಥ ಅವಳಿಗೂ ತಿಳಿಯದು, ನನಗೂ.
ಆಮೇಲೆ ಪ್ಲಸ್ ಸಿ ಬರೆದಳು,
ಸಾಲಿನ ಉಳಿದೆಲ್ಲದಕ್ಕಿಂತ ದೊಡ್ಡದಾಗಿ.

ಆಚೆ ತುದಿಯಿಂದ ಕೋಲ್ಬಿ:
"ಆರ್ವೊ, ಇಲ್ಲಿ ನಡುವೆ ಒಂದು ಆರು ಎಕ್ಸ್ ಬರಬೇಕಾ?"
ಬರಬೇಕು ಕಣೋ. ಬರಲೇಬೇಕು.