ಎಷ್ಟು ಮಾರು ಕಾಣುತ್ತೆ

ಗಾಂಧಿ ಬಜಾರಿನ ಹಿಂದಿನ ಸಂದಿಯಲ್ಲಿ ಖಲಂದರನ ವೆಲ್ಡಿಂಗ್ ಅಂಗಡಿ.
ಶಟರ್ ಅರ್ಧ ಇಳಿಸಿ, ಯಾರದೋ ಮುರುಕು ಗೇಟಿನ ಮೇಲೆ
ನಕ್ಷೆ ಹಾಸಿದ್ದೇವೆ. ಮೂಲೆಗೊಂದು ನಟ್ಟು.

ಶುಕ್ರವಾರ ಜುಮ್ಮಾ ಮುಗಿಸಿ ಹೊರಡುವುದು, ಅದು ಅವನ ಷರತ್ತು.
ಭಾನುವಾರದ ಬಲಿಪೂಜೆಗೆ ಮುರ್ಡೇಶ್ವರದ ಹತ್ತಿರವೇ
ಇಗರ್ಜಿ ಹುಡುಕಿಟ್ಟಿದ್ದಾಳೆ ಫ್ಲೇವಿಯಾ.
ಓಮ್ನಿ ನನ್ನದು. ಆಯನೂರು, ಕುಂಸಿ, ಆನಂದಪುರ
ಅಲ್ಲಿತನಕ ಮರ್ಯಾದೆಯಾಗಿರುತ್ತೆ;
ಗೇರುಸೊಪ್ಪೆಯ ತಿರುವಿನಲ್ಲಿ ಎರಡನೇ ಗೇರು
ಯಾರ ಮಾತೂ ಕೇಳುವುದಿಲ್ಲ.

ಹವಳ, ಎಂದು ಬರೆದೆ. ನೇತ್ರಾಣಿ.
'ನಿಮ್ಮಕ್ಕ ಮಂಗಳದೋಷಕ್ಕೆ ಉಂಗುರ ಮಾಡಿಸಿದ್ದಳಲ್ಲ, ಅದೇನಾ?'
ಅದೇ, ಆದರೆ ಜೀವ ಇರೋದು.
ಖಲಂದರನಿಗೆ ಹಡಗು ಬೇಕು. ಮುಳುಗಿರಬೇಕು, ತುಕ್ಕು ಹಿಡಿದಿರಬೇಕು,
ಬೆಸುಗೆ ಎಲ್ಲಿ ಬಿಟ್ಟಿತು ಅಂತ ಮುಟ್ಟಿ ನೋಡಬೇಕು.
ಹಡಗು ಸಿಗಲಿಲ್ಲ. ದಾರಿಯಲ್ಲಿ ಶರಾವತಿ ಹಿನ್ನೀರಿದೆ, ಊರೇ ಇದೆ ಅಡಿಗೆ, ಅಂದೆ.
'ಊರು ಲೆಕ್ಕಕ್ಕಿಲ್ಲ,' ಅಂದ. 'ಅದು ತಾನಾಗಿ ಮುಳುಗಿದ್ದಲ್ಲ.'
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಗ ಶಟರಿನಡಿ ಬಗ್ಗಿ ಬಂದವನು ಹುಚ್ರಾಯಪ್ಪ,
ಕೈಯಲ್ಲಿ ಪಾತಾಳಗರಡಿ, ಒಂದು ಕೊಂಡಿ ಮುರಿದದ್ದು.
ದೊಡ್ಡಪೇಟೆ ಸ್ಟೇಷನ್ನಿನಿಂದ ಫೋನು ಬಂದರೆ
ತುಂಗೆಗೆ ಇಳಿಯುವವನು. ಇಳಿದು, ಹುಡುಕಿ, ಮೇಲೆ ತರುವವನು.
ನಕ್ಷೆ ನೋಡಿದ. 'ಯಾರು ಹೋಗಿದಾರೆ?'
ಯಾರೂ ಹೋಗಿಲ್ಲ ಮಾವ. ನಾವೇ ಹೋಗ್ತಿರೋದು. ಸುಮ್ಮನೆ.
'ಸುಮ್ಮನೆ?'
ನೀನೂ ಬಾ, ಅಂದುಬಿಟ್ಟಳು ಫ್ಲೇವಿಯಾ.

ಮೆಗ್ಗಾನಿನಲ್ಲಿ ಕಿವಿ-ಮೂಗಿನ ವಾರ್ಡಿನ ನರ್ಸು ಅವಳು;
ಅಲ್ಲೇ ಟಾರ್ಚ್ ಹಾಕಿ ಅವನ ಕಿವಿ ನೋಡಿದಳು. ಫಾರಂ ತುಂಬಿದೆ ನಾನು.
ವಯಸ್ಸು ಐವತ್ತೆಂಟು. ಬೀಡಿ, ಹೌದು.
ಹಿಂದೆ ಎಷ್ಟು ಸಲ ಮುಳುಗಿದ ಅನುಭವ?
'ಸಿಕ್ಕಿದ್ದು ನೂರಾ ಹದಿನಾಲ್ಕು. ಸಿಗದಿದ್ದೂ ಬರೀತೀಯಾ?'
ಫಾರಮ್ಮಿನಲ್ಲಿ ಎರಡೇ ಚೌಕ.

ಮುಳುಗಿದ ದಿನವೇ ಘಟ್ಟ ಹತ್ತಬಾರದು, ಅಂದಳು ಫ್ಲೇವಿಯಾ,
ರಕ್ತದಲ್ಲಿ ಗಾಳಿ ಇರುತ್ತೆ, ಇಳಿಯಲು ಹೊತ್ತು ಬೇಕು,
ಅದಕ್ಕೇ ಕಡಲ ದಡದಲ್ಲಿ ಇನ್ನೊಂದು ರಾತ್ರಿ.
ತಲೆಯಾಡಿಸಿದ. ಅವನೂ ಎತ್ತಿದ ದಿನ ಮನೆಗೆ ಹೋಗುವುದಿಲ್ಲವಂತೆ.
ಹೊಳೆ ಮಂಟಪದ ಕಲ್ಲಿನ ಮೇಲೆ ಬೆಳಗಾಗುತ್ತದೆ.

ಗವಿ, ಎಂದು ಕೊನೆಗೆ ಬರೆದಿದ್ದೆ. ಬಂಡೆಯಡಿ ಒಂದಿದೆಯಂತೆ.
'ಅದು ಹೊಡೆದುಹಾಕು. ಬಂಡೆ ಸಂದೀಲಿ ಕೈ ಹಾಕಿ ಸಾಕಾಗಿದೆ.'
ಹೊಡೆದುಹಾಕಿದೆ.
ಆಮೇಲೆ, ಕೊಂಡಿಯ ತುದಿ ಉಜ್ಜುತ್ತಾ, 'ಅಲ್ಲಿ ಎಷ್ಟು ಮಾರು ಕಾಣುತ್ತೆ?'
ಹೊಳೇಲಿ ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ,
ನೋಡೋದೆಲ್ಲ ಕೈ, ಅಂದ.

ಒಳ್ಳೇ ದಿನ ಆದ್ರೆ ಎಂಟು ಮಾರು.

ಎರಡೂ ತೋಳು ಚಾಚಿದ. ಅಂಗಡಿ ಮೂರಕ್ಕೇ ಮುಗಿಯಿತು.
ಶಟರಿನಡಿ ನುಸುಳಿ ಹೊರಗೆ ಹೋದ, ತೋಳಿಗೆ ತೋಳು ಸೇರಿಸಿ ಅಳೆಯುತ್ತ,
ನಾಲ್ಕು, ಬಳೆಯಂಗಡಿಯ ಜಗಲಿ, ಐದು,
ಟೈಲರ್ ಮಿಷನ್ನು ನಿಲ್ಲಿಸಿ ನೋಡಿದ,
ಆರು, ಏಳು, ಎಂಟಕ್ಕೆ ಟ್ರಾನ್ಸ್‌ಫಾರ್ಮರ್ ಕಂಬ.
ಅಲ್ಲಿಂದ ತಿರುಗಿ ಕೂಗಿದ, 'ಇಲ್ಲೀತನಕಾ?'
ಹೂಂ, ಅಲ್ಲೀತನಕ.
ಅಲ್ಲೇ ನಿಂತ. ನಮ್ಮ ಮುಖ ಒಂದೊಂದಾಗಿ ನೋಡುತ್ತ.

ಖಲಂದರ ಪಾತಾಳಗರಡಿಗೆ ಚೀಟಿ ಕಟ್ಟಿ ಗೋಡೆಗೆ ನೇತುಹಾಕಿದ.
'ಮುಂದಿನ ಬುಧವಾರ ಸಿಗುತ್ತೆ, ಬಾಳ ಕೆಲಸ ಇದೆ ಇದ್ರಲ್ಲಿ.'

ಎರಡು ನಿಮಿಷದ ಬೆಸುಗೆ ಅದು.