ಏಳನೆಯ ಬೀಗ

ನಮ್ಮ ಮಾತಿನಲ್ಲಿ ಅದು ಕೀಲಿ,
ಕಂಪನಿಯ ದಫ್ತರದಲ್ಲಿ ಬೀಗ.
ಅದಕ್ಕೇ ಗಿಣಿಗೇರಿಯ ಮೂರನೇ ಬೆಲ್ಟಿನ ಹುಡುಗರಿಗೆ
ಒಂದು ಹಳೇ ನಗೆ:
"ಮಾಬೂಬಿ ಅಕ್ಕಾ, ಇವತ್ತು ಎಷ್ಟು ಮಂದಿ ಬೀಗರು?"

ಏಳು, ಅಂದೆ.
ಸುರಂಗದೊಳಗೆ, ಬೆಲ್ಟಿನ ಬಾಲದ ಕಡೆ
ರೋಲರ್ ಬದಲಿಸುವ ಕೆಲಸ.
ಸ್ವಿಚ್ಚು ಇಳಿಸಿ, ಅದರ ಚಾವಿ ಪೆಟ್ಟಿಗೆಯೊಳಗಿಟ್ಟು,
ಪೆಟ್ಟಿಗೆಗೆ ಒಬ್ಬೊಬ್ಬರೂ ತಮ್ಮ ತಮ್ಮ ಕೆಂಪು ಬೀಗ ಜಡಿದು
ಕಿಸೆ ಮುಟ್ಟಿ ನೋಡಿಕೊಂಡು ಇಳಿದರು.

ಬೀಗರೂಟದ ಪಂಕ್ತಿಯ ರೀತಿಯೇ ಇಲ್ಲಿಯೂ:
ಕಡೆಯವರು ಕೈ ತೊಳೆಯುವ ತನಕ
ಯಾರೂ ಎಲೆ ಎತ್ತುವಂತಿಲ್ಲ.

ರಾತ್ರಿ ಹತ್ತೂವರೆಗೆ ಕೆಲಸ ಮುಗಿಯಿತು.
ಬಿರ್ಜು ತನ್ನದು ಬಿಚ್ಚಿದ.
ಬೆಹೆರಾ ಬಿಚ್ಚಿದ, ಅವನದಕ್ಕೆ ಹಳದಿ ನೂಲು.
ಕನಕಾಪುರದ ಅಣ್ಣ ತಮ್ಮ, ವೆಲ್ಡರ್ ಖಾಜಾ, ಹೊಸ ಹುಡುಗ.
ಏಳನೆಯದು ಹಾಗೇ ತೂಗುತ್ತಿತ್ತು.
ಚೀಟಿಯಲ್ಲಿ ಹೆಸರು: ಯಮನೂರಪ್ಪ, ಹಿರೇಬಗನಾಳ.

ಸಿಂಧೋಗಿ ಸಾಹೇಬರು ಬಂದರು.
ಬಂಕರಿನ ತಳ ಕಾಣುತ್ತಿದೆ, ಊದುಕುಲುಮೆ ಹಸಿದಿದೆ,
ನಿಮಿಷಕ್ಕೆ ಎಷ್ಟು ಸಾವಿರ ಎಂಬ ಲೆಕ್ಕ
ಅವರ ಹಣೆಯ ಮೇಲೇ ಇತ್ತು.
"ಕಟ್ಟರ್ ತಗೊಂಬಾ."
"ಮನುಷ್ಯಾನ್ನ ತೋರಿಸ್ರಿ ಸಾಹೇಬ್ರ, ಆಮ್ಯಾಲೆ ಕಟ್ಟರು."
"ಹೊರಗ ಹೋಗ್ಯಾನವ್ವಾ, ಎಲ್ಲಾರೂ ನೋಡ್ಯಾರ."
"ಯಾರು ನೋಡ್ಯಾರ?"
ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು.

ಈ ಪೆಟ್ಟಿಗೆ ಬರುವ ಮೊದಲು ಇಲ್ಲಿ ಬಾಯಿಮಾತೇ ಬೀಗ.
ಸುರಂಗದ ಬಾಯಲ್ಲಿ ನಿಂತು ಕೂಗುವುದು:
ಎಲ್ಲಾರೂ ಹೊರಗ ಬಂದ್ರ್ಯಾ?
ಒಂದು ಶ್ರಾವಣದಲ್ಲಿ ಒಳಗಿಂದಲೋ ಹೊರಗಿಂದಲೋ
"ಹೂಂ" ಎಂದು ಬಂತು.
ಹೂಂ ಅಂದವನು ಬೇರೆಯವನು.
ಮುಂದಿನದನ್ನು ಯಾರೂ ಹೇಳುವುದಿಲ್ಲ.
ಹೊಸಬರಿಗೆ ಅಷ್ಟು ಹೇಳಿ
ಕೈಗೆ ಒಂದು ಬೀಗ ಕೊಡುತ್ತಾರೆ.

ಎರಡು ಬ್ಯಾಟರಿ ಹಿಡಿದು ನಾಲ್ವರು ಮತ್ತೆ ಇಳಿದರು.
ಯಮನೂರಾ, ಯಮನೂರಾ,
ಅದಿರಿನ ಧೂಳಿನಲ್ಲಿ ಹೆಸರು ಕೆಂಪಾಗಿ ತಿರುಗಿ ಬಂತು.
ಫೋನು ಬಂದ್. ಕಂಟ್ರೋಲ್ ರೂಮಿನ ಫೋನು ಮಾತ್ರ
ಒಂದೇ ಸಮ ಬಡಕೊಳ್ಳುತ್ತಿತ್ತು.
ಕುಲುಮೆಯ ಗಾಳಿ ಇಳಿಸಿದರು.
ಗೇಟಿನಿಂದ ಸುದ್ದಿ: ಅವನ ಗಾಡಿ ಸ್ಟ್ಯಾಂಡಿನಲ್ಲಿಲ್ಲ.
"ಕೇಳಿದ್ಯಾ?" ಅಂದರು ಸಾಹೇಬರು.
"ಗಾಡಿ ಹೋಗೇತ್ರಿ. ಗಾಡಿ ಮ್ಯಾಲ ಕುಂತಾಂವ
ಅವನೇ ಅಂತ ಗಾಡಿ ಹೇಳೇತೇನ್ರಿ?"
ಕಟ್ಟರ್ ಹಿಡಿದ ಹುಡುಗನ ಕೈ ನಡುಗುತ್ತಿತ್ತು.
ನನ್ನದೂ. ಪೆಟ್ಟಿಗೆಯ ಮೇಲೆ ಇಟ್ಟುಕೊಂಡಿದ್ದೆ,
ಯಾರಿಗೂ ಕಾಣಲಿಲ್ಲ.

ಬಿರ್ಜು ಬೈಕು ಹತ್ತಿ ಹಿರೇಬಗನಾಳಕ್ಕೆ ಹೋದ.
ಹನ್ನೊಂದು ಐವತ್ತಕ್ಕೆ ಯಮನೂರಪ್ಪನ ಹಿಂದೆ ಕೂತು ಬಂದ.
ಮಗಳಿಗೆ ಕಿವಿನೋವು. ಹೆಂಡತಿಯ ಫೋನು ಬಂದದ್ದೇ
ಚಾವಿ ಕಿಸೆಯಲ್ಲಿದೆ ಎಂಬುದನ್ನೂ ಮರೆತು ಓಡಿದ್ದನಂತೆ.
ಬೆರಳಿಗೆಲ್ಲ ಬೆಳ್ಳುಳ್ಳಿ ಎಣ್ಣೆ. ಚಾವಿ ಎರಡು ಸಲ ಜಾರಿತು.
"ಇಷ್ಟಕ್ಕ ಕತ್ತರಿಸಿ ಒಗೀಬಾರ್ದಿತ್ತೇನಕ್ಕಾ?" ಅಂದ,
ಪೆಟ್ರೋಲು ಯಾರು ಕೊಡ್ತಾರ ಅಂತಲೂ ಕೇಳಿದ.

ಸೈರನ್ ಮೂರು ಸಲ ಕೂಗಿತು.
ಬೆಲ್ಟು ಮೈಮುರಿದು ಎದ್ದು ನಡೆಯಿತು.

ದಫ್ತರದಲ್ಲಿ ತಡಕ್ಕೆ ಒಂದು ಕಾಲಂ ಇದೆ, ತುಂಬಿದೆ:
ಎಂಬತ್ತು ನಿಮಿಷ. ಕಾರಣ: ಬೀಗ.
ಏನೂ ಆಗಲಿಲ್ಲ ಎಂದು ಬರೆಯಲು ಜಾಗವಿಲ್ಲ.
ನಾಳೆ ಮೆಮೊ ಬಂದರೆ ಬರಲಿ.
ಏಳನೆಯದನ್ನು ಒರೆಸಿ ಗೂಟಕ್ಕೆ ಹಾಕಿದೆ.
ಒರೆಸಿದರೂ ಬೆಳಗಿನ ಪಾಳಿ ಬರುವ ತನಕ
ಕೋಣೆಯ ತುಂಬ ಬೆಳ್ಳುಳ್ಳಿ ವಾಸನೆ.
ಅವನ ಮಗಳ ಕಿವಿ ಹೇಗಿದೆಯೆಂದು
ಕೇಳುವುದೇ ಮರೆತಿತ್ತು.