ಎಡಗಡೆ ಹನ್ನೊಂದು ನಿಮಿಷ

ಐದೂವರೆಗೆ ಸ್ಟೇಡಿಯಂ ಗೇಟಿನ ವಾಚ್‌ಮನ್ ಗುರುತು ಹಿಡಿದ:
“ಏನ್ ಮೇಡಂ, ಬಾಣಂತನ ಮುಗೀತಾ?”
ಮುಗಿಯುವುದೆಂದರೇನೋ ತಿಳಿಯದೆ ತಲೆಯಾಡಿಸಿದೆ.

ಒಂದರ ಮೇಲೊಂದು ಎರಡು ಬ್ರಾ,
ಒಳಗೆ ಮಡಚಿಟ್ಟ ಹಳೇ ಪಂಚೆಯ ತುಂಡು.
ಎರಡೂ ಕಡೆ ಕುಡಿಸಿಯೇ ಬಂದಿದ್ದೆ,
ಆದರೂ ಮೊದಲ ತಿರುವಿಗೇ ಭಾರ.

ಎಂಟುನೂರು ಮೀಟರು, ಒಂದು ಕಾಲಕ್ಕೆ
ಎರಡು ನಿಮಿಷ ಹದಿನೇಳು ಸೆಕೆಂಡು.
ಇವತ್ತು ಅರ್ಧ ಸುತ್ತು ಓಟ, ಒಂದು ಸುತ್ತು ನಡಿಗೆ.
ಸೊಂಟ ಯಾರದ್ದೋ ಕಡ ತಂದದ್ದು,
ನನ್ನ ಅಳತೆಗೆ ಕೂರುತ್ತಿಲ್ಲ.

ಮೂರನೇ ಸುತ್ತು. ಗ್ಯಾಲರಿ ಹಿಂದೆ ಬೆಕ್ಕು ಕೂಗಿತು.
ಬೆಕ್ಕೇ. ನನಗೆ ಗೊತ್ತಿತ್ತು,
ಎದೆಗೆ ಗೊತ್ತಾಗಲಿಲ್ಲ.
ಜುಮ್ಮೆಂದು ಇಳಿಯಿತು.
ಎದೆಯ ಮೇಲೆ ಕೈಕಟ್ಟಿ ಓಡಿದೆ, ನಾನು,
ಕೈ ಬೀಸಿ ಓಡ್ರೇ ಎಂದು
ಹೆಣ್ಣುಮಕ್ಕಳಿಗೆ ಸೀಟಿ ಊದುವ ಪಿ.ಟಿ. ಟೀಚರು.

ಸೀಗೆಹಟ್ಟಿಯ ತಿರುವಿಗೇ ಕೇಳಿಸಿತು ನಿಜವಾದ ಅಳು.
ಬಾಗಿಲಲ್ಲಿ ಅತ್ತೆ, ಹೆಗಲ ಮೇಲೆ ಕೆಂಪಾದ ಮಗಳು.
“ಕುಣಿದ ಹಾಲು ಹುಳಿಯಾಗ್ತದೆ. ಮೊದಲು ಹಿಂಡಿ ಚೆಲ್ಲು.”

ಚೆಲ್ಲಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ,
ಎಲ್ಲೋ ಉಪ್ಪು ಉಳಿದಿರಬೇಕು.
ಬಾಯಿಟ್ಟವಳು ಬಿಟ್ಟಳು, ಹುಣಸೆ ನೆಕ್ಕಿದ ಮುಖ,
ಇದ್ಯಾವ ಹೋಟೆಲು ಎನ್ನುವಂತೆ ನೋಡಿದಳು.
ಆಮೇಲೆ ಹಸಿವೇ ಗೆದ್ದಿತು.

“ನೋಡು, ನಾ ಹೇಳಲಿಲ್ಲವಾ?”

“ನೀವು ಇವರನ್ನ ಹೆತ್ತು ಎಷ್ಟು ದಿನಕ್ಕೆ
ಕೆಲಸಕ್ಕೆ ಹೋದಿರಿ ಅತ್ತೆ?”
“ಮೂವತ್ತೆರಡು. ನಾಲೆ ಕೆಲಸ. ಜಲ್ಲಿ ಬುಟ್ಟಿ.”
“ಹಾಲು ಹುಳಿಯಾಗಿತ್ತಾ?”
“ಯಾರು ರುಚಿ ನೋಡಿದ್ರು,” ಎಂದು ಒಳಗೆ ಹೋದರು.

ಪಾತ್ರೆ ಸದ್ದು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ:
“ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿದ್ದೆ.
ಅವನು ಅತ್ತದ್ದು ಕೇಳ್ತಿತ್ತು,
ಮೇಸ್ತ್ರಿ ಬಿಡಬೇಕಲ್ಲ.
ರವಿಕೆ ನೆನೆದು, ಒಣಗಿ, ಮತ್ತೆ ನೆನೆದು
ಸಂಜೆಗೆ ರಟ್ಟಾಗಿರ್ತಿತ್ತು.”
ಒಂದು ಲೋಟ ಮೆಂತ್ಯದ ಗಂಜಿ ತಂದಿಟ್ಟು,
“ಅದೇನು ಓಟ ಅಲ್ಲ ಕಣೇ,” ಎಂದರು.
ಅಲ್ಲ, ಎಂದೆ ನಾನೂ.
ಇಬ್ಬರಿಗೂ ಬೇರೆ ಮಾತು ಸಿಗಲಿಲ್ಲ.

ಕೊರಳ ಸ್ಟಾಪ್‌ವಾಚು ನಿಲ್ಲಿಸುವುದು ಮರೆತೇ ಹೋಗಿತ್ತು.
ಅದರ ದಾರ ಕಿರುಬೆರಳಿಗೆ ಸಿಕ್ಕಿಸಿಕೊಂಡು
ಮಗಳು ಗುಟುಕು, ಗುಟುಕು, ನಡುವೆ ಒಂದು ಉಸಿರು,
ನಾನು ಹದಿನೆಂಟರಲ್ಲಿ ಕಲಿಯಲು ಪಟ್ಟ ಪಾಡು ಇದೇ ಲಯಕ್ಕೆ.

ಎಡಗಡೆ ಹನ್ನೊಂದು ನಿಮಿಷ.
ಗಂಜಿ ಆರುತ್ತಿದೆ.
ಬಲಗಡೆ ಇನ್ನೂ ಬಾಕಿ.